ವಿಮಾನ ಕಟ್ಟುವವರ ಉಪಕರಣ ಪೆಟ್ಟಿಗೆ



ನಾನೀಗ ಇರುವ ಅಮೆರಿಕದಲ್ಲಿ ಕಿಟ್ ತರಿಸಿ ಮನೆಯ ಶೆಡ್ಡಿನಲ್ಲೇ ಅಲ್ಯೂಮಿನಿಯಂ ವಿಮಾನ ಕಟ್ಟುವವರಿದ್ದಾರೆ. ಸಾಫ್ಟ್‌ವೇರ್ ಕೆಲಸದ ಬಿಡುವಿನಲ್ಲಿ ನಾನೂ ಬಾಲದ ಭಾಗದಿಂದ ಆರಂಭಿಸುತ್ತಿದ್ದೇನೆ.

ಉಪಕರಣಗಳ ಪಟ್ಟಿ ಉದ್ದವಿದೆ. ಬಾಲಕ್ಕೆ ಬೇಕಾದಷ್ಟನ್ನೇ ಮೊದಲು ಕೊಂಡೆ: ಡ್ರಿಲ್, ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲೀಕೋಗಳು, ರಿವೆಟ್ ಒತ್ತುವ ಸ್ಕ್ವೀಜರ್. ಬಹಳ ಅಗ್ಗದ್ದು, ಆದರೆ ಬಿಡಲೇಬಾರದ್ದು, ತೂತಿನ ಅಂಚಿನ ಮುಳ್ಳು ಹೆರೆಯುವ ಡಿಬರಿಂಗ್ ಉಪಕರಣ. ಅನೇಕ ತೂತುಗಳ ಅಗಲ ಬರೀ 2.5 ಮಿಲಿಮೀಟರ್. ಅಲ್ಲಿ ಮುಳ್ಳು ಉಳಿದರೆ ತಗಡುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಹಾರಾಟದ ಕಂಪನಕ್ಕೆ ಬಿರುಕು ಅಲ್ಲಿಂದಲೇ ಶುರುವಾಗಬಹುದು. ನಾಳೆ ಅದರಲ್ಲಿ ಕೂರುವವಳು ನನ್ನ ಮಗಳು.

ಶಾಲೆಗೂ ಒಂದು ಉಪಕರಣ ಪೆಟ್ಟಿಗೆ ತಂದಿದ್ದೇನೆ. ದಯವಿಟ್ಟು ಬೀಗ ಹಾಕಿಡಬೇಡಿ, ಮಕ್ಕಳ ಕೈಗೆ ಕೊಡಿ. ತೂತು ಕೊರೆಯುವುದರ ಜೊತೆಗೆ ಅಂಚು ಉಜ್ಜುವುದನ್ನೂ ಕಲಿಸಿ.