ಹಿತ್ತಿಲ ಕೋಳಿಗೆ ಮರೆಯೇ ರಕ್ಷೆ



21 ದಿನಗಳ ಕಾಲ ಕಾವು ಕುಳಿತು ಹೇಂಟೆಯು ಹೊರತಂದ ಮರಿಗಳು, ಇನ್ನೂ ನೆಟ್ಟಗೆ ಕೆದಕುವುದನ್ನು ಕಲಿಯುವ ಮುನ್ನವೇ ಒಂದೊಂದಾಗಿ ಹದ್ದಿನ ಪಾಲಾಗುವುದು ನಮ್ಮ ಹಳ್ಳಿಗಳಲ್ಲಿ ನಾಟಿಕೋಳಿ ಸಾಕುವ ಪ್ರತಿಯೊಂದು ಮನೆಯವರೂ ಬಲ್ಲ ಸಂಕಟ. ಆ ಗಳಿಗೆಯಲ್ಲಿ ಕೈಯು ಕವಣೆಯನ್ನು ಅರಸುವುದು ಸಹಜವೇ ಆದರೂ, ಆಕಾಶದ ಶತ್ರುವನ್ನು ಅಟ್ಟುವುದರಿಂದ ಈ ನಷ್ಟವು ನಿಲ್ಲತಕ್ಕುದಲ್ಲವೆಂಬುದನ್ನೂ, ನೆಲದ ಮೇಲೆ ಮರೆಯನ್ನು ಒದಗಿಸುವುದೇ ಇದಕ್ಕೆ ತಕ್ಕ ಪರಿಹಾರವೆಂಬುದನ್ನೂ ತಮ್ಮಲ್ಲಿ ನಿವೇದಿಸುವುದು ಈ ಭಾಷಣದ ಉದ್ದೇಶ.

ಎರಗುವ ಪಕ್ಷಿಗಳೆಲ್ಲವೂ ಒಂದೇ ಬಗೆಯವಲ್ಲ. ಊರ ಮೇಲೆ ಸುತ್ತುಹಾಕುತ್ತ ತೇಲುವ, ಬಾಲದ ತುದಿಯಲ್ಲಿ ಕವಲುಳ್ಳ ಕರಿಹದ್ದು ಬಹುಮಟ್ಟಿಗೆ ಸತ್ತುದನ್ನೂ ಹೊಲಸನ್ನೂ ತಿಂದು ಬದುಕುವ ಹಕ್ಕಿ. ಒಂದು ಕಿಲೋಗ್ರಾಂ ತೂಕವೂ ಇಲ್ಲದ ಅದು ಬೆಳೆದ ಕೋಳಿಯನ್ನು ಎತ್ತಿಕೊಂಡು ಹಾರಲಾರದು. ಆದರೆ ತನ್ನ ಗೂಡಿನಲ್ಲಿ ಮರಿಗಳು ಬಾಯ್ತೆರೆದಿರುವಾಗ, ಅಂದರೆ ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ, ಕೋಳಿಮರಿಯು ಅದಕ್ಕೆ ಸುಲಭವಾದ ತುತ್ತು. ಪಾರಿವಾಳದಷ್ಟೇ ಗಾತ್ರದ ಬಿಜ್ಜು ಎಂಬ ಬೇಟೆಹಕ್ಕಿಯಾದರೋ ಆಕಾಶದಲ್ಲಿ ತನ್ನನ್ನು ತೋರಿಸಿಕೊಳ್ಳದೆ, ಮಾವಿನದೋ ಹುಣಿಸೆಯದೋ ದಟ್ಟವಾದ ಎಲೆಗಳ ನಡುವೆ ಅಡಗಿ ಕುಳಿತು, ನೆಲಕ್ಕೆ ಸಮೀಪವಾಗಿ ಹಾರಿಬಂದು ಕ್ಷಣಾರ್ಧದಲ್ಲಿ ಮರಿಯನ್ನು ಉಗುರುಗಳಲ್ಲಿ ಹಿಡಿದೊಯ್ಯುವುದರಿಂದ, ಅದರ ಅಪರಾಧವೂ ಎಷ್ಟೋ ಸಲ ಹದ್ದಿನ ತಲೆಯ ಮೇಲೆಯೇ ಬೀಳುತ್ತದೆ. ಮಲೆನಾಡು, ಕೊಡಗುಗಳ ಕಾಡಂಚಿನಲ್ಲಿ ಬಲಿಷ್ಠವಾದ ಗಿಡುಗಗಳು ಬೆಳೆದ ಕೋಳಿಗೂ ಕೈಹಾಕುವುದುಂಟು.

ಇನ್ನು ಕೋಳಿಯ ಸ್ವಭಾವವನ್ನು ನೋಡೋಣ. ನಮ್ಮ ಕೋಳಿಯು ಕೆಂಪು ಕಾಡುಕೋಳಿಯ ಸಂತತಿ. ಬಿದಿರುಮೆಳೆಗಳ ಹಾಗೂ ಪೊದರುಗಳ ಅಡಿಯಲ್ಲಿ ತರಗೆಲೆ ಕೆದಕಿ ಬದುಕಿದ ವಂಶ ಅದರದು. ಹೇಂಟೆಯು ಆಗಾಗ ತಲೆಯನ್ನು ಓರೆಮಾಡಿ ಒಂದೇ ಕಣ್ಣಿನಿಂದ ಆಕಾಶವನ್ನು ಪರೀಕ್ಷಿಸುವುದನ್ನು ತಾವು ಕಂಡಿರಬಹುದು. ನಾಯಿ, ಮುಂಗುಸಿಗಳನ್ನು ಕಂಡಾಗ ಅದು ಕೂಗುವ ದನಿ ಬೇರೆ, ಮೇಲಿನಿಂದ ಬರುವ ನೆರಳನ್ನು ಕಂಡಾಗ ಕೂಗುವ ದನಿ ಬೇರೆ. ಈ ಎರಡನೆಯ ದನಿ ಕಿವಿಗೆ ಬಿದ್ದೊಡನೆ ಮರಿಗಳು ಹತ್ತಿರದ ಮರೆಗೆ ಓಡಿ ಅಲ್ಲಾಡದೆ ಅಡಗುತ್ತವೆ. ಆದರೆ ಓಡುವುದಕ್ಕೆ ಮರೆಯೇ ಇಲ್ಲದಿದ್ದರೆ ತಾಯಿಯ ಎಚ್ಚರಿಕೆಯಿಂದ ಫಲವೇನು? ಗುಡಿಸಿ ಸಾರಿಸಿದ ಬಯಲಂಗಳವು ಮನೆಗೆ ಶೋಭೆಯಾದರೂ ಮರಿಗೆ ಅಪಾಯಸ್ಥಾನ. ಅಲ್ಲಿಯೇ ಕಾಳೆರಚಿ ಮೇಯಿಸುವುದಂತೂ ಹದ್ದಿಗೆ ಔತಣವನ್ನಿತ್ತಂತೆ.

ಆದುದರಿಂದ ಕಾಳನ್ನು ಮರದಡಿಯಲ್ಲೋ ಚಪ್ಪರದಡಿಯಲ್ಲೋ ಎರಚಿರಿ. ಹೀರೆ, ಸೋರೆ, ಚಪ್ಪರದವರೆಗಳನ್ನು ತಗ್ಗಾಗಿ ಹಬ್ಬಿಸಿದರೆ ಅಡಿಗೆಮನೆಗೆ ತರಕಾರಿಯೂ ಕೋಳಿಗೆ ಸೂರೂ ಏಕಕಾಲದಲ್ಲಿ ದೊರೆಯುತ್ತವೆ. ಬಾಳೆ, ದಾಸವಾಳ, ಕರಿಬೇವುಗಳ ಗುಂಪುಗಳು, ಓರೆಯಾಗಿ ನಿಲ್ಲಿಸಿದ ಸೋಗೆಯ ತಡಿಕೆಗಳು, ಮರಿಯು ನಾಲ್ಕಾರು ಹೆಜ್ಜೆಗಳಲ್ಲಿ ತಲಪುವಷ್ಟು ಸಮೀಪದಲ್ಲಿರಲಿ. ಮೊದಲ ಆರೆಂಟು ವಾರಗಳ ಕಾಲ ಮರಿಗಳನ್ನು ತಾಯಿಯೊಡನೆ ಬಿದಿರಿನ ಪಂಜರದಡಿಯಲ್ಲಿಯೋ ಬಲೆ ಹೊದಿಸಿದ ಆವರಣದಲ್ಲಿಯೋ ಮೇಯಿಸುವುದು ಲೇಸು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಗಳ ಮರಿಗಳನ್ನು ತಾಯಿಯಿಲ್ಲದೆ ತಂದು ಸಾಕುವವರಾದರೋ, ಎಚ್ಚರಿಸುವವರಿಲ್ಲದ ಆ ಮರಿಗಳನ್ನು ಮತ್ತಷ್ಟು ದಿನ ಬಲೆಯೊಳಗೆ ಇರಿಸಬೇಕು. ಕರಾವಳಿಯವರಿಗೆ ಹಳೆಯ ಮೀನುಬಲೆಯೇ ಸಾಕು. ಅದನ್ನು ಬಿಗಿಯಾಗಿ ಕಟ್ಟಬೇಕು, ಏಕೆಂದರೆ ಜೋತುಬಿದ್ದ ಬಲೆಯಲ್ಲಿ ಹಕ್ಕಿಗಳು ಸಿಲುಕಿ ಸಾಯುತ್ತವೆ. ಅಡ್ಡಡ್ಡವಾಗಿ ಎಳೆದ ದಾರಗಳು ಅಗಲವಾದ ರೆಕ್ಕೆಯ ಹದ್ದನ್ನು ತಡೆಯಬಲ್ಲವಾದರೂ, ಕೊಂಬೆಗಳ ಸಂದಿಯಲ್ಲಿ ನುಸುಳುವ ಬಿಜ್ಜುವನ್ನು ತಡೆಯಲಾರವು. ಬೆದರುಬೊಂಬೆಯೂ ಮಿನುಗುವ ಕಾಗದವೂ ಸ್ಥಳ ಬದಲಿಸದಿದ್ದರೆ ಕೆಲವೇ ದಿನಗಳಲ್ಲಿ ಹಕ್ಕಿಗೆ ರೂಢಿಯಾಗಿ ನಿಷ್ಫಲವಾಗುತ್ತವೆ. ಕೋಳಿ ಕೊಯ್ದ ಕರುಳನ್ನೂ ಸತ್ತ ಮರಿಯನ್ನೂ ಬಯಲಿಗೆಸೆಯದೆ ಹೂಳಿಬಿಡಿ. ಆ ತುತ್ತಿನ ರುಚಿಯೇ ಹದ್ದನ್ನು ಹಿತ್ತಿಲಿಗೆ ಕರೆತರುವುದು. ಸೂರ್ಯಾಸ್ತಕ್ಕೆ ಮುನ್ನ ಗೂಡಿನ ಬಾಗಿಲನ್ನು ಮುಚ್ಚಿದರೆ ಗೂಬೆ, ಕಾಡುಬೆಕ್ಕು, ಪುನುಗುಬೆಕ್ಕುಗಳ ಭಯವೂ ತಪ್ಪುತ್ತದೆ.

ಹಕ್ಕಿಯನ್ನೇ ಕೊಲ್ಲುವ ಯೋಚನೆಯನ್ನು ಮಾತ್ರ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಶಿಕ್ಷಾರ್ಹವೆಂದು ವಿಧಿಸಿದೆ. ವಿಷವಿಟ್ಟರೆ ನಾಯಿ, ಬೆಕ್ಕುಗಳೂ ಬಲಿಯಾಗುವುವು. ಮೇಲಾಗಿ, ಒಂದು ಹದ್ದು ಸತ್ತ ಎಡೆಗೆ ಇನ್ನೊಂದು ಬರುವುದು ನಿಶ್ಚಯ. ಹೊಲದ ಇಲಿಯನ್ನು ತಿನ್ನುವುವೂ ಊರ ಹೊಲಸನ್ನು ತೆಗೆಯುವುವೂ ಈ ಹಕ್ಕಿಗಳೇ ಎಂಬುದನ್ನು ರೈತನು ಮರೆಯಲಾಗದು. ಮುಂದಿನ ಸಲ ಹೇಂಟೆಯನ್ನು ಕಾವಿಗೆ ಕೂರಿಸುವ ದಿನವೇ, ಮರಿಗಳು ಹೊರಬರುವಷ್ಟರಲ್ಲಿ ಸಿದ್ಧವಾಗಿರುವಂತೆ, ಹಿತ್ತಿಲಲ್ಲೊಂದು ತಗ್ಗಾದ ಚಪ್ಪರವನ್ನು ಕಟ್ಟಲು ತೊಡಗಿರೆಂದು ತಮ್ಮಲ್ಲಿ ನನ್ನ ಬಿನ್ನಹ.