ಕಿವಿಯ ತಮಟೆಗೆ ತೇಪೆ

ಮನೆಯವರೆಲ್ಲ ರೇಡಿಯೋ ಕೇಳುತ್ತಿರುವಾಗ ಒಬ್ಬ ಹುಡುಗ ಮಾತ್ರ ಪೆಟ್ಟಿಗೆಯ ಹತ್ತಿರಕ್ಕೇ ಹೋಗಿ, ಒಂದು ಕಿವಿಯನ್ನು ಅದರತ್ತ ವಾಲಿಸಿ ಕುಳಿತುಕೊಳ್ಳುತ್ತಾನೆ. ಕರೆದರೆ ಓಗೊಡುವುದಿಲ್ಲ. “ಎಷ್ಟು ಸಲ ಕೂಗಬೇಕೋ ನಿನ್ನ?” ಎಂದು ತಾಯಿ ಗದರುತ್ತಾಳೆ. ಶಾಲೆಯಲ್ಲಿ ಮಂಕನೆಂದು ಹಿಂದಿನ ಬೆಂಚಿಗೆ ಕಳುಹಿಸುತ್ತಾರೆ. ನೆಗಡಿಯಾದಾಗಲೆಲ್ಲ ಅವನ ಕಿವಿ ಸೋರುವುದನ್ನು ಎಲ್ಲರೂ ಬಲ್ಲರು. ದೊಡ್ಡವನಾದರೆ ತಾನೇ ನಿಲ್ಲುತ್ತದೆಂದು ಸುಮ್ಮನಿರುತ್ತಾರೆ.

ಹೀಗೆ ಮತ್ತೆ ಮತ್ತೆ ಸೋರುವ ಕಿವಿಯಲ್ಲಿ ಬಹುಮಟ್ಟಿಗೆ ತಮಟೆಗೆ ತೂತು ಬಿದ್ದಿರುತ್ತದೆ. ಈ ತಮಟೆಯ ಅಡ್ಡಳತೆ ಸುಮಾರು ಒಂದು ಸೆಂಟಿಮೀಟರು. ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಶಬ್ದ ತಾಗಿದಾಗ ಅದು ನಡುಗುತ್ತದೆ. ಆ ನಡುಕವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಒಳಗಿವಿಗೆ ದಾಟಿಸುತ್ತವೆ. ತಮಟೆಯ ನಡುಗುವ ಭಾಗ ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ವಿಶಾಲ. ಅಷ್ಟಗಲದ ಮೇಲೆ ಬಿದ್ದ ಬಲವೆಲ್ಲ ಆ ಕಿರಿದಾದ ಪಾದಕ್ಕೆ ಕೂಡಿಬರುವುದರಿಂದ ಮೆಲುದನಿಯೂ ನಮಗೆ ಕೇಳುತ್ತದೆ. ತೂತು ಬಿದ್ದರೆ ಈ ಏರ್ಪಾಡು ಕೆಡುತ್ತದೆ.

ತೂತನ್ನು ಚರ್ಮದಿಂದ ಮುಚ್ಚಬಹುದೆಂದು ಜರ್ಮನಿಯ ಬರ್ತೋಲ್ಡರು 1878ರಲ್ಲೇ ತೋರಿಸಿದ್ದರು. ಆದರೆ ಈ ವಿದ್ಯೆ ಬೇರೂರಿದ್ದು 1950ರ ದಶಕದಲ್ಲಿ, ಶಸ್ತ್ರವೈದ್ಯರಿಗೆ ಸೂಕ್ಷ್ಮದರ್ಶಕದ ನೆರವು ದೊರೆತ ಮೇಲೆ. ಆಗ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ಎಂಬ ಜರ್ಮನ್ ವೈದ್ಯರು ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಮೊದಮೊದಲು ಚರ್ಮವನ್ನೇ ಹಚ್ಚುತ್ತಿದ್ದರು. ಮುಂದೆ ಕಣತಲೆಯ ಸ್ನಾಯುವನ್ನು ಹೊದ್ದಿರುವ ತೆಳುಪೊರೆ ಹೆಚ್ಚು ಒಗ್ಗಿತು.

ಸೋರುವುದನ್ನು ಮೊದಲು ಮದ್ದಿನಿಂದ ಹತೋಟಿಗೆ ತರುತ್ತಾರೆ. ಬಳಿಕ ಕಿವಿಯ ಹಿಂದೆ ಕೊಯ್ದು ಆ ಪೊರೆಯ ತುಣುಕನ್ನು ತೆಗೆದು, ತೂತಿನ ಅಂಚನ್ನು ಹೆರೆದು, ಸಾಮಾನ್ಯವಾಗಿ ಒಳಗಡೆಯಿಂದ ತೇಪೆಯಂತೆ ಹಾಸುತ್ತಾರೆ. ಚಪ್ಪರಕ್ಕೆ ಬಳ್ಳಿ ಹಬ್ಬುವಂತೆ ತಮಟೆಯ ಚರ್ಮ ಅದರ ಮೇಲೆ ಹಬ್ಬಿ, ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತೂತು ಮುಚ್ಚುತ್ತದೆ. ಅಲ್ಲಿಯವರೆಗೆ ಕಿವಿಗೆ ನೀರು ಸೋಕಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಒಳಗಿವಿಯೋ ಕಿವಿಯ ನರವೋ ಕೆಟ್ಟಿದ್ದರೆ ಆ ಕಿವುಡು ತೇಪೆಯಿಂದ ಹೋಗದು. ಅದಕ್ಕೇ ಮೊದಲು ಶ್ರವಣಪರೀಕ್ಷೆ ಮಾಡುತ್ತಾರೆ. ದುರ್ವಾಸನೆಯ ಕೀವು ಸೋರುತ್ತಿದ್ದರೆ ತಡಮಾಡಬಾರದು. ಮೂಳೆಯನ್ನೇ ತಿನ್ನುವ ರೋಗ ಅಲ್ಲಿರಬಹುದು. ಅದು ಮಿದುಳಿಗೂ ಅಪಾಯ ತರಬಲ್ಲದು.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ನಮ್ಮ ಮನೆಗಳ ಹಳೆಯ ಮದ್ದು. ತೂತು ಬಿದ್ದ ಕಿವಿಗೆ ಬಿಟ್ಟರೆ ಅದು ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಹುಡುಗನನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಿರಿ. ವಯಸ್ಸು ನೋಡಿ ಅವರು ಶಸ್ತ್ರಚಿಕಿತ್ಸೆಯ ಕಾಲವನ್ನು ಗೊತ್ತುಮಾಡುವರು. ಅದುವರೆಗೆ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕೆಂದು ಉಪಾಧ್ಯಾಯರಿಗೆ ಒಂದು ಮಾತು ಹೇಳಿ.