ಒಂದು ಪೌಂಡಿಗೆ ಮಾರಿದ ಕ್ಲಬ್ಬು



ಗಿರಣಿಯವರ ಸಭೆಯಲ್ಲಿ ಚೆಂಡಾಟದ ಮಾತೇಕೆ ಎಂದು ಕೆಲವರು ಕೇಳಬಹುದು. ನಾವು ಹೇಳಹೊರಟಿರುವುದು ಇಂಗ್ಲೆಂಡಿನ ಬೆರಿ ಎಂಬ ಊರಿನ ಸಂಗತಿ. ಲ್ಯಾಂಕಶೈರಿನ ಹತ್ತಿ ಗಿರಣಿಗಳ ಊರು ಅದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವೆದ್ದು ಅಲ್ಲಿಯ ಅರಳೆ ನಿಂತಾಗ ಲ್ಯಾಂಕಶೈರು ಕೈಚಾಚಿದ ಸೀಮೆಗಳಲ್ಲಿ ನಮ್ಮ ಧಾರವಾಡವೂ ಒಂದು. ಈಗ ಅಲ್ಲಿ ಗಿರಣಿಗಳ ಆ ಸದ್ದಿಲ್ಲ. ಗಿರಣಿ ಹೋದ ಮೇಲೂ ಊರಿಗೆ ಉಳಿದದ್ದು 1885ರಲ್ಲಿ ಹುಟ್ಟಿದ ಫುಟ್‌ಬಾಲ್ ಕ್ಲಬ್ಬು. 1900ರಲ್ಲೊಮ್ಮೆ, 1903ರಲ್ಲೊಮ್ಮೆ ಅದು ಇಂಗ್ಲೆಂಡಿನ ಎಫ್.ಎ. ಕಪ್ಪನ್ನೇ ಗೆದ್ದಿತ್ತು. ಎರಡನೆಯ ಸಲದ ಫೈನಲಿನಲ್ಲಿ ಆರು ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ.

2018ರ ಡಿಸೆಂಬರಿನಲ್ಲಿ ಈ ಕ್ಲಬ್ಬು ಮಾರಾಟವಾಯಿತು. ಬೆಲೆ ಒಂದು ಪೌಂಡು. ಅಂದಿನ ಲೆಕ್ಕದಲ್ಲಿ ನೂರು ರೂಪಾಯಿಯೂ ಅಲ್ಲ. ಅದರ ಮೈದಾನ ಗಿಗ್ ಲೇನ್ ಆಗಲೇ ಅಡವು ಬಿದ್ದಿತ್ತು. ಹೊಸ ಮಾಲಿಕನ ಹತ್ತಿರ ಹಣವಿದೆಯೇ, ಇದ್ದರೆ ಎಲ್ಲಿಂದ ಬಂದದ್ದು ಎಂದು ಲೀಗಿನವರು ಮೊದಲು ಕೇಳಬೇಕಿತ್ತು. ಅಂದಿನ ನಿಯಮದಂತೆ ಕ್ಲಬ್ಬು ಕೈಗೆ ಬಂದ ಮೇಲೆ ಪುರಾವೆ ಒಪ್ಪಿಸಿದರೂ ನಡೆಯುತ್ತಿತ್ತು! ನಮ್ಮ ಪೇಟೆಯಲ್ಲಿ ಒಂದು ಚೀಲ ಅಕ್ಕಿ ಉದ್ರಿ ಕೊಡುವವನೂ ಗಿರಾಕಿಯ ಮನೆ ಎಲ್ಲಿ, ಬಟವಾಡೆ ಯಾವತ್ತು ಎಂದು ವಿಚಾರಿಸಿಯೇ ಚೀಲ ಎತ್ತಿಸುತ್ತಾನೆ.

ಮುಂದೆ ಆಟಗಾರರಿಗೂ ನೌಕರರಿಗೂ ಪಗಾರ ತಡವಾಯಿತು, ಆಮೇಲೆ ನಿಂತೇ ಹೋಯಿತು. ಅಂಥ ಸ್ಥಿತಿಯಲ್ಲೂ ಆಡಿ ಆ ಹುಡುಗರು 2019ರಲ್ಲಿ ಕ್ಲಬ್ಬನ್ನು ಮೇಲಿನ ದರ್ಜೆಗೆ ಏರಿಸಿದರು. ಜುಲೈಯಲ್ಲಿ ಬಾಕಿದಾರರೊಡನೆ ಒಪ್ಪಂದವಾಯಿತು. ಇಲ್ಲಿ ವರ್ತಕ ಬಂಧುಗಳು ಸ್ವಲ್ಪ ಕಿವಿಗೊಡಬೇಕು. ಅಲ್ಲಿಯ ಫುಟ್‌ಬಾಲಿನ ಕಟ್ಟಳೆಯಂತೆ, ಕ್ಲಬ್ಬು ಮುಳುಗುವಾಗ ಆಟಗಾರರ ಬಾಕಿ, ಬೇರೆ ಕ್ಲಬ್ಬುಗಳ ಬಾಕಿ ಪೂರ್ತಿ ಸಲ್ಲಬೇಕು. ತೆರಿಗೆಯವರಿಗೆ, ಸಾಮಾನು ಒದಗಿಸಿದವರಿಗೆ ಆಗ ಮಿಕ್ಕಿದ್ದರಲ್ಲಿ ಪಾಲು. ಬೆರಿಯಲ್ಲಿ ಇವರಿಗೆ ಠರಾಯಿಸಿದ್ದು ರೂಪಾಯಿಗೆ ನಾಲ್ಕಾಣೆಯ ಲೆಕ್ಕ. ದುಡಿದ ಆಟಗಾರನ ಪಗಾರಕ್ಕೆ ನಾವು ಅಡ್ಡ ಬರುವವರಲ್ಲ. ಆದರೆ ದೊಡ್ಡ ಕ್ಲಬ್ಬಿನ ಬಾಕಿ ಹದಿನಾರಾಣೆ, ಊರ ಅಂಗಡಿಯ ಬಾಕಿ ನಾಲ್ಕಾಣೆ ಎಂಬುದು ಯಾವ ನ್ಯಾಯ?

ಕಡೆಗೆ, ಹಣದ ಪುರಾವೆ ಸಿಗಲಿಲ್ಲವೆಂದು 2019ರ ಆಗಸ್ಟ್ 27ರಂದು ಲೀಗು ಕ್ಲಬ್ಬನ್ನೇ ಹೊರಹಾಕಿತು. ತಪ್ಪು ಮಾಲಿಕರದು, ಶಿಕ್ಷೆ ಊರಿಗೆ.

ಹಿಂದೆ ಇದೇ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸಂಸ್ಥೆ ಕಟ್ಟುನಿಟ್ಟಾದ ನಿಯಮವೊಂದನ್ನು ಇಟ್ಟಿತ್ತು. ಷೇರುದಾರರ ಲಾಭಾಂಶಕ್ಕೆ ಮಿತಿ, ನಿರ್ದೇಶಕರಿಗೆ ಸಂಬಳವಿಲ್ಲ, ಕ್ಲಬ್ಬು ಮುಚ್ಚಿದರೆ ಉಳಿದ ಆಸ್ತಿ ಕ್ರೀಡೆಗೋ ಧರ್ಮಕಾರ್ಯಕ್ಕೋ ಸೇರಬೇಕು. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬಿನ ಒಡೆಯರು ಕ್ಲಬ್ಬಿನ ಮೇಲೊಂದು ಕಂಪನಿ ಕಟ್ಟಿ ಅದರ ಷೇರನ್ನು ಲಂಡನ್ ಷೇರುಪೇಟೆಗೆ ಒಯ್ದರು. ನಿಯಮ ಕ್ಲಬ್ಬಿಗೆ, ಕಂಪನಿಗಲ್ಲವಲ್ಲ! ಆ ಕಂಡಿಯಲ್ಲಿ ಉಳಿದವರೂ ನುಗ್ಗಿದರು. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡಾಗ ಖರೀದಿಯ ಸಾಲದ ಬಹುಭಾಗವನ್ನು ಆ ಕ್ಲಬ್ಬಿನ ತಲೆಗೇ ಹೊರಿಸಿತು.

ಜರ್ಮನಿಯವರು 1998ರಲ್ಲಿ ಕಂಪನಿಗಳಿಗೆ ಬಾಗಿಲು ತೆರೆದರೂ ಅರ್ಧಕ್ಕಿಂತ ಒಂದು ಮತ ಹೆಚ್ಚು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂದರು. ಲೇವರ್‌ಕುಸೆನ್, ವುಲ್ಫ್ಸ್‌ಬರ್ಗ್ ಕ್ಲಬ್ಬುಗಳಿಗೆ ವಿನಾಯಿತಿ ಸಿಕ್ಕಿತು. ಲೈಪ್‌ಜಿಗ್ಗಿನಲ್ಲಿ ಮತ ಹಾಕುವ ಸದಸ್ಯರನ್ನು ಬೆರಳೆಣಿಕೆಯಷ್ಟೇ ಇಟ್ಟುಕೊಂಡು ನಿಯಮದ ಅಕ್ಷರವನ್ನು ಮಾತ್ರ ಪಾಲಿಸಿದರು. ಆದರೂ ಮತ ಸದಸ್ಯರದ್ದೆಂಬ ತತ್ವ ನಮಗೆ ಒಪ್ಪಿಗೆ.

ಬೆರಿಯಂಥ ಊರುಗಳ ಕೂಗಿನ ಮೇಲೆ ಬ್ರಿಟನ್ನಿನ ಪಾರ್ಲಿಮೆಂಟು 2025ರಲ್ಲಿ ಕಾಯದೆ ಮಾಡಿ, ಮೇಲಿನ ಐದು ದರ್ಜೆಗಳ ಪುರುಷರ ಕ್ಲಬ್ಬುಗಳಿಗೆ ಪರವಾನಗಿ ಕೊಡುವ ಸ್ವತಂತ್ರ ಅಧಿಕಾರಿ ಸಂಸ್ಥೆಯನ್ನು ನೇಮಿಸಿತು. ಕೊಳ್ಳಬಂದವನ ಹಣದ ಮೂಲವನ್ನು ಅದು ಪರೀಕ್ಷಿಸಬೇಕು. ಅದರ ಒಪ್ಪಿಗೆಯಿಲ್ಲದೆ ಮೈದಾನವನ್ನು ಮಾರುವಂತಿಲ್ಲ. ಒಳ್ಳೆಯದೇ. ಆದರೆ ಜರ್ಮನರಂತೆ ಮತವನ್ನು ಊರವರ ಕೈಗೆ ಕೊಡಲಿಲ್ಲ. ಆ ಕಾಯದೆಯಲ್ಲಿ ಊರವರ ಅಭಿಪ್ರಾಯ ಕೇಳುತ್ತಾರೆ, ಒಡೆತನ ಮಾಲಿಕನದೇ.

ಬೆರಿಯ ಅಭಿಮಾನಿಗಳು ಕಾಯದೆಗೆ ಕಾಯುತ್ತ ಕೂರಲಿಲ್ಲ. 2022ರಲ್ಲಿ ಸರಕಾರದ ನೆರವು, ದಾನಿಗಳ ಹಣ ಕೂಡಿಸಿ ಗಿಗ್ ಲೇನನ್ನು ಕೊಂಡರು. ಅವರಲ್ಲಿ ಎರಡು ಬಣಗಳಿದ್ದವು. ಒಂದಾಗಬೇಕೆಂಬ ಮೊದಲ ಮತದಾನ ಬೇಕಾದ ಬಹುಮತವಿಲ್ಲದೆ ಬಿದ್ದಿತು. ಮತ್ತೆ ಕೂತು ಮಾತಾಡಿ, 2023ರಲ್ಲಿ ಒಪ್ಪಿದರು. ಆ ವರ್ಷವೇ ಗಿಗ್ ಲೇನಿನಲ್ಲಿ ಆಟ ಮತ್ತೆ ಶುರುವಾಯಿತು, ಎಷ್ಟೋ ಮೆಟ್ಟಿಲು ಕೆಳಗಿನ ದರ್ಜೆಯಲ್ಲಿ.